ಮೋನಪ್ಪನ ತಿರುಗುವ ಕಲ್ಲು

ನನ್ನ ಅಕ್ಷರ ಚೆನ್ನಾಗಿಲ್ಲ. ಏಳನೆಯ ಇಯತ್ತೆಯ ನಡುವಿನಲ್ಲೇ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಬಂದಲ್ಲೆಲ್ಲ ಕೈ ತಡೆಯುತ್ತದೆ, ಸಾಲು ಮೇಲಕ್ಕೆ ಏರಿಬಿಡುತ್ತದೆ. ಕುರ್ಲಾದ ನಮ್ಮ ಕನ್ನಡ ವಾಚನಾಲಯದ ಕೈಬರಹದ ಪತ್ರಿಕೆಗೆ, ನಮ್ಮ ನಡುವೆ ಇರುವ ಒಬ್ಬ ಸಾಮಾನ್ಯ ಮನುಷ್ಯನ ಕುರಿತು ಬರೆದುಕೊಡು ಎಂದು ಶಾಮಲಾ ಟೀಚರ್ ಹೇಳಿದಾಗ ನನಗೆ ನೆನಪಾದದ್ದು ನನ್ನ ಅಪ್ಪ. ಬೇರೆ ಯಾರನ್ನೂ ನಾನು ಅಷ್ಟು ಹತ್ತಿರದಿಂದ ಕಂಡಿಲ್ಲ. ಅಪ್ಪನ ಹೆಸರು ಹಿಡಿದು ಬರೆಯುವುದು ಸರಿಯಲ್ಲವೆಂದು ಗೊತ್ತು. ಆದರೆ ಕತೆಯ ಹಾಗೆ ಬರೆ ಎಂದು ಟೀಚರ್ ಹೇಳಿದ್ದಾರೆ, ಅಪ್ಪನೂ, "ಬರಿ, ನನ್ನ ಹೆಸರು ಸವೆದು ಹೋಗ್ತದಾ?" ಎಂದಿದ್ದಾನೆ. ಮನೆಯಲ್ಲಿ ನಾವು ಆಡುವುದು ತುಳು. ಅದನ್ನು ನನಗೆ ತಿಳಿದ ಮಟ್ಟಿಗೆ ಕನ್ನಡ ಮಾಡಿದ್ದೇನೆ. ಶಬ್ದ ತಪ್ಪಿದಲ್ಲಿ ಓದುವವರು ಕ್ಷಮಿಸಬೇಕು.

ಮೋನಪ್ಪ ಕುರ್ಲಾ ಸ್ಟೇಷನ್ನಿಗೆ ಹತ್ತಿರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಫಿಟ್ಟರ್. ನೀರಿನ ಪಂಪು, ಹಿಟ್ಟಿನ ಗಿರಣಿ, ಅಚ್ಚಿನ ಯಂತ್ರ, ಯಾವುದು ಕೆಟ್ಟು ನಿಂತರೂ ಅಲ್ಲಿಗೆ ಬರುತ್ತಿತ್ತು. ಕೆಟ್ಟದ್ದನ್ನು ಸರಿ ಮಾಡುವುದರಲ್ಲಿ ಅವನ ಕೈ ಒಳ್ಳೆಯದು. ಬಾಯಿ ಮಾತ್ರ ಅಷ್ಟು ಒಳ್ಳೆಯದಲ್ಲ. ಯಾರು ಏನು ಕೇಳಿದರೂ ಅದರಿಂದ ಬರುವ ಮಾತು ಒಂದೇ: "ಆಯ್ತು." ಚಾಳಿನವರು ಸ್ಟವ್ ತಂದಿಟ್ಟರೂ ಆಯ್ತು, ಹೊಲಿಗೆ ಯಂತ್ರ ತಂದಿಟ್ಟರೂ ಆಯ್ತು. ಭಾನುವಾರ ಊಟಕ್ಕೆ ಕೂರುವ ಹೊತ್ತಿಗೆ ಬಾಗಿಲ ಬಳಿ ಎರಡು ಮೂರು ಸಾಮಾನು ಕಾದಿರುತ್ತಿದ್ದವು.

"ಇವರ ಬಾಯಲ್ಲಿ ಬೇಡ ಅನ್ನುವ ಮಾತೇ ಇಲ್ಲ," ಎಂದು ಅವನ ಹೆಂಡತಿ ಸೇವಂತಿ ಅನ್ನ ಬಡಿಸುತ್ತಲೇ ಹೇಳುತ್ತಿದ್ದಳು. "ನನ್ನನ್ನು ನೋಡಲು ಬಂದ ದಿವಸವೂ ಹಾಗೇ ಆಯ್ತು ಅಂದದ್ದೋ ಏನೋ."

"ಅದು ಮನಸ್ಸಿನಿಂದ ಅಂದದ್ದು ಮಾರಾಯ್ತಿ," ಎನ್ನುತ್ತಿದ್ದ ಮೋನಪ್ಪ. ಆಮೇಲೆ ಉಂಡ ಕೈ ತೊಳೆದು ಸ್ಟವ್ ಬಿಚ್ಚಲು ಕೂರುತ್ತಿದ್ದ.

ಅವನಿಗೆ ಒಬ್ಬ ಅಣ್ಣ, ಪೂವಪ್ಪ. ಮೀಸೆ ಮೂಡುವ ಮೊದಲೇ ಮಂಗಳೂರಿನಿಂದ ಹಡಗು ಹತ್ತಿ ಮುಂಬಯಿಗೆ ಬಂದವನು. ದಾದರಿನಲ್ಲಿ ರಮಾನಾಥ ಶೆಟ್ಟರ ಹೋಟೆಲಿನಲ್ಲಿ ಅಕ್ಕಿ, ಉದ್ದು ಕಡೆಯುವ ಕಲ್ಲಿನ ಮುಂದೆ ಕಾಲು ಚಾಚಿ ಕುಳಿತವನು ತಲೆ ನರೆತರೂ ಅಲ್ಲೇ ಇದ್ದ. ಮದುವೆಯಾಗಲಿಲ್ಲ. ಹೋಟೆಲಿನಲ್ಲೇ ಊಟ, ಬಾಗಿಲು ಹಾಕಿದ ಮೇಲೆ ಅಲ್ಲೇ ಒಂದು ಬೆಂಚಿನ ಮೇಲೆ ನಿದ್ದೆ. ತಮ್ಮನನ್ನು ಮುಂಬಯಿಗೆ ಕರೆಸಿದವನೂ, ಫಿಟ್ಟರ್ ಕೆಲಸ ಕಲಿಯಲು ಹಚ್ಚಿದವನೂ ಅವನೇ. "ನೀನು ಕಲ್ಲಿನ ಬುಡಕ್ಕೆ ಬರ್ಬೇಡ, ಕಬ್ಬಿಣ ಹಿಡಿ," ಎಂದಿದ್ದನಂತೆ.

ಒಂದು ಬೇಸಗೆಯ ಮಧ್ಯಾಹ್ನ ಶೆಟ್ಟರು ಮೋನಪ್ಪನನ್ನು ಕರೆಸಿದರು. ದುಡ್ಡು ಎಣಿಸುವ ಗಲ್ಲೆಯ ಹಿಂದೆ ಕುಳಿತೇ ಮಾತಾಡಿದರು.

"ನೋಡು ಮೋನಪ್ಪ, ನಿನ್ನ ಅಣ್ಣನ ಕೈ ಮುಗೀತು. ಗಂಟೆಲ್ಲ ಊದಿಕೊಂಡಿದೆ. ಹಿಟ್ಟು ತರಿತರಿ ಆಗ್ತಾ ಉಂಟು. ನಿನ್ನೆ ಒಬ್ಬ ಗಿರಾಕಿ ಇಡ್ಲಿ ಎತ್ತಿ ಮೇಜಿಗೆ ಟಕಟಕ ಕುಟ್ಟಿ ತೋರಿಸಿದ. ಬೇಕಾ ನನಗೆ ಇದು?"

ಮೋನಪ್ಪ ತಲೆ ತಗ್ಗಿಸಿ ನಿಂತ.

"ಊರಿಂದ ಒಬ್ಬ ಗಟ್ಟಿ ಆಳನ್ನು ತರಿಸ್ಬೇಕು. ಇಲ್ಲದಿದ್ರೆ ಕರೆಂಟಿನಲ್ಲಿ ತಿರುಗುವ ಕಲ್ಲು ಮಾಡಿಸ್ಬೇಕು. ನೀನು ಮಾಡಿ ಕೊಡ್ತೀಯಾ? ಹಿಟ್ಟು ಒಂದು ಆದ್ರೆ ಸಾಕು ನನಗೆ. ಆಗ ಪೂವಪ್ಪ ಅದರ ಬದಿಯಲ್ಲಿ ಇರ್ಲಿ, ಹಿಟ್ಟು ನೋಡಿಕೊಳ್ಳಲಿ. ಆದ್ರೆ ಮಳೆ ಮುಗಿದು ಮಂಗಳೂರಿನ ಹಡಗು ಪುನಃ ಬಿಡುವುದರ ಒಳಗೆ ಆಗ್ಬೇಕು. ಆಗದಿದ್ರೆ ಮೊದಲನೇ ಹಡಗಿನಲ್ಲೇ ಆಳು ಬರ್ತಾನೆ. ಆಮೇಲೆ ಇಬ್ಬರಿಗೆ ಊಟ, ಇಬ್ಬರಿಗೆ ಜಾಗ ನನ್ನಿಂದ ಆಗುದಿಲ್ಲ."

"ಆಯ್ತು ಧನಿ," ಎಂದ ಮೋನಪ್ಪ.

ಪೂವಪ್ಪನಿಗೆ ಆ ಹೋಟೆಲು ಬಿಟ್ಟರೆ ತಲೆ ಇಡಲು ಬೇರೆ ಜಾಗವಿರಲಿಲ್ಲ. ಊರಿನ ಗೇಣಿಯ ಮನೆ ಬೇರೆಯವರ ಪಾಲಾಗಿ ಎಷ್ಟೋ ವರ್ಷವಾಗಿತ್ತು. ಮೋನಪ್ಪನ ಚಾಳಿನ ಖೋಲಿಯಲ್ಲಿ ರಾತ್ರಿ ಒಬ್ಬರು ಮಗ್ಗುಲು ಬದಲಿಸಿದರೆ ಉಳಿದವರೂ ಬದಲಿಸಬೇಕಾಗಿತ್ತು. ಅಣ್ಣನ ಜಾಗ ಉಳಿಯಬೇಕಾದರೆ ಕಲ್ಲು ತಿರುಗಬೇಕು. ಮೋನಪ್ಪನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಒಬ್ಬನಿಂದ ಆಗುವ ಕೆಲಸ ಅದಲ್ಲ. ಕಬ್ಬಿಣದ ಭಾಗ ಅವನೇ ಮಾಡಬಲ್ಲ. ನಕ್ಷೆ ಬರೆಯಲು ಚೆಂಬೂರಿನ ಸತ್ಯಮೂರ್ತಿಯವರನ್ನು ಕೇಳಿದ. ಅವರು ಮೈಸೂರಿನ ಕಡೆಯವರು, ಎಣ್ಣೆ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಕೆಲಸ. ಅವರ ಟೇಬಲ್ ಫ್ಯಾನನ್ನು ಮೋನಪ್ಪ ರಿಪೇರಿ ಮಾಡಿಕೊಟ್ಟಾಗ ಪರಿಚಯವಾಗಿತ್ತು. ಕಲ್ಲಿಗೆ ಗದಿಗೆಪ್ಪ. ಅವನು ಬಾಗಲಕೋಟೆಯ ಕಡೆಯಿಂದ ಬಂದು ಕುರ್ಲಾದಲ್ಲಿ ಕಲ್ಲು ಒಡೆದು ತೆಗೆಯುವ ಖದಾನಿನ ಬಳಿ ಗುಡಿಸಲು ಹಾಕಿಕೊಂಡಿದ್ದ. ಚಾಳು ಚಾಳು ತಿರುಗಿ, ಸವೆದು ನುಣುಪಾದ ಕಲ್ಲುಗಳನ್ನು ಉಳಿಯಿಂದ ಮತ್ತೆ ಒರಟು ಮಾಡಿಕೊಡುವವನು.

ಒಂದು ಭಾನುವಾರ ಮೂವರೂ ವರ್ಕ್‌ಶಾಪಿನಲ್ಲಿ ಸೇರಿದರು.

"ಕೈಯಲ್ಲಿ ಕಡೆಯೋವಾಗ ಗುಂಡು ತಿರುಗತ್ತೆ, ಕಲ್ಲು ನಿಂತಿರತ್ತೆ ಅಲ್ವೇ?" ಎಂದರು ಸತ್ಯಮೂರ್ತಿ. "ನಾವು ಉಲ್ಟಾ ಮಾಡೋಣ ಕಣ್ರೀ. ಕಲ್ಲು ತಿರುಗಲಿ. ಗುಂಡನ್ನ ಒಂದು ಕಬ್ಬಿಣದ ತೋಳಲ್ಲಿ ಹಿಡಿದು ನಿಲ್ಲಿಸೋಣ. ಮೋಟರು ಕೆಳಗೇ ಇರಲಿ."

"ಯಪ್ಪಾ! ಕಲ್ಲ ತಿರುಗತೈತೇನ್ರಿ?" ಎಂದು ಗದಿಗೆಪ್ಪ ನಕ್ಕ. "ನಮ್ಮೂರಾಗ ಕಲ್ಲ ತಿರುಗಿತಂದ್ರ ದೆವ್ವ ಹೊಕ್ಕೈತಿ ಅಂತಾರ್ರಿ."

"ಈ ದೆವ್ವಕ್ಕೆ ಕರೆಂಟು ಅಂತ ಹೆಸರು."

"ಆತು ಬಿಡ್ರಿ. ದೆವ್ವಕ್ಕ ಎಷ್ಟ ಅಗಲದ ಒಡಲ ಬೇಕು, ಅದನ್ನ ಹೇಳ್ರಿ."

ಗದಿಗೆಪ್ಪನಿಗೆ ನಕ್ಷೆ ಓದಲು ಬರುತ್ತಿರಲಿಲ್ಲ. ಅದಕ್ಕಾಗಿ ಮೋನಪ್ಪ ನಕ್ಷೆಯ ಅಳತೆಯನ್ನು ಒಂದು ಹುರಿಗೆ ಇಳಿಸಿದ. ಎತ್ತರಕ್ಕೆ ಒಂದು ಗಂಟು, ಬಾಯಿಯ ಅಗಲಕ್ಕೆ ಒಂದು, ಗುಳಿಯ ಆಳಕ್ಕೆ ಒಂದು. ಗದಿಗೆಪ್ಪ ಆ ಹುರಿಯನ್ನು ಒಯ್ದು ಗುಡಿಸಲಿನ ಮೊಳೆಗೆ ತೂಗುಹಾಕಿದ.

ಇಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಮೋನಪ್ಪ ಹಳೆಯ ಕಾರೊಂದರ ಹಲ್ಲುಚಕ್ರ ಹುಡುಕಿ ತಂದು, ವರ್ಕ್‌ಶಾಪಿನ ಕೆಲಸ ಮುಗಿದ ಮೇಲೆ ಕೂತು ಉಜ್ಜಿದ. ಅಷ್ಟರಲ್ಲಿ ಶೆಟ್ಟರು ಹೇಳಿ ಕಳುಹಿಸಿದರು.

"ಹೇಗೂ ಕಲ್ಲು ತಿರುಗ್ತದಲ್ಲ, ತೆಂಗಿನಕಾಯಿ ಚಟ್ನಿಯೂ ಅದರಲ್ಲೇ ಆಗ್ಲಿ."

ಚಟ್ನಿಯಾಗಬೇಕೆಂದರೆ ಗಳಿಗೆಗೊಮ್ಮೆ ಗುಂಡನ್ನು ಎತ್ತಿ ಕಲ್ಲು ತೊಳೆಯಬೇಕು. ಗುಂಡು ಹಿಡಿಯುವ ತೋಳು ಮಡಚಿ ಹೊರಗೆ ಬರುವಂತಿರಬೇಕು. ಮಾಡಿಟ್ಟ ತೋಳನ್ನು ಮೋನಪ್ಪ ಕತ್ತರಿಸಿ ಮತ್ತೆ ಮಾಡಿದ. ಶೆಟ್ಟರಿಗೆ ಅವನು ಹೇಳಿದ್ದು "ಆಯ್ತು ಧನಿ" ಅಷ್ಟೇ.

ಮಳೆ ಹಿಡಿಯಿತು. ಕುರ್ಲಾದಿಂದ ದಾದರಿಗೆ ಲೋಕಲಿನಲ್ಲಿ ನೇತಾಡಿಕೊಂಡು ಹೋಗಿ, ಒದ್ದೆ ಅಂಗಿಯಲ್ಲೇ ನಿಂತು ಶೆಟ್ಟರ ಮಾತು ಕೇಳಿಕೊಂಡು ಬರುವುದು ಅವನಿಗೆ ರೂಢಿಯಾಯಿತು. ಈ ಸಲ ಶೆಟ್ಟರು ಖುಷಿಯಲ್ಲಿದ್ದರು.

"ಗಿರಾಕಿ ನಿಲ್ಲಲಿಕ್ಕೆ ಜಾಗ ಇಲ್ಲ ಮಾರಾಯ. ಕಲ್ಲು ಇಡುವಲ್ಲಿ ಎರಡು ಮೇಜು ಹಾಕ್ತೇನೆ. ನಿನ್ನ ಮಿಶೀನು ಮೆಟ್ಟಿಲಿನ ಅಡಿಗೆ ಹೋಗ್ಲಿ. ಚಲೇಗಾ ನಾ?"

ಮೆಟ್ಟಿಲಿನ ಅಡಿ ಎಂದರೆ ತಗ್ಗು. ಮೋಟರು ಕೆಳಗೆ, ಅದರ ಮೇಲೆ ಕಲ್ಲು ಎಂದು ಇಟ್ಟರೆ ಅಲ್ಲಿ ಹಿಡಿಸದು. ಮೋನಪ್ಪ ಆ ಜಾಗವನ್ನು ನೋಡಿದ, ಶೆಟ್ಟರ ಮುಖವನ್ನು ನೋಡಿದ.

"ಆಯ್ತು ಧನಿ."

ಸತ್ಯಮೂರ್ತಿ ನಕ್ಷೆಯನ್ನು ಮಡಚಿ ಮೇಜಿಗೆ ಬಡಿದರು. "ನೀವು ಒಂದು ಸಲ ಆಗಲ್ಲ ಅಂದ್ರೆ ಅವರೇನು ನಿಮ್ಮ ನಾಲಿಗೆ ಕಿತ್ಕೋತಾರೇನ್ರೀ?"

"ಅಣ್ಣನ ಅನ್ನ ಅವರ ಕೈಯಲ್ಲಿ ಉಂಟು ಸ್ವಾಮಿ."

ಸತ್ಯಮೂರ್ತಿ ಹಳೆಯ ನಕ್ಷೆಯನ್ನು ಬದಿಗೆ ಸರಿಸಿದರು. ಹೊಸ ಕಾಗದ ತೆಗೆದರು. ಮೋಟರು ಗೋಡೆಯ ಮೇಲಿನ ಹಲಗೆಗೆ ಏರಿತು. ಅಲ್ಲಿಂದ ಕಲ್ಲಿನ ಬುಡದ ಚಕ್ರಕ್ಕೆ ಒಂದು ಪಟ್ಟಾ, ಅಂದರೆ ಬೆಲ್ಟು, ಇಳಿಯಿತು. ಕಲ್ಲು ಮೊದಲಿಗಿಂತ ಗಿಡ್ಡವಾಗಬೇಕಾಯಿತು.

ಮೋನಪ್ಪ ಹೊಸ ಹುರಿಗೆ ಗಂಟು ಹಾಕಿಕೊಂಡು ಗದಿಗೆಪ್ಪನ ಗುಡಿಸಲಿಗೆ ಹೋದಾಗ ಅವನು ಇರಲಿಲ್ಲ. ಮಳೆ ಸುರಿಯುತ್ತಿತ್ತು, ವರ್ಕ್‌ಶಾಪಿಗೆ ತಡವಾಗುತ್ತಿತ್ತು. ಹೊಸ ಹುರಿಯನ್ನು ಅದೇ ಮೊಳೆಗೆ ಸಿಕ್ಕಿಸಿ, ಪಕ್ಕದ ಗುಡಿಸಲಿನ ಮುದುಕಿಗೆ ಹೇಳಿ ಬಂದ. ಹಳೆಯ ಹುರಿಯನ್ನು ತೆಗೆದುಕೊಂಡು ಬರಬೇಕೆಂದು ಅವನಿಗೆ ಹೊಳೆಯಲಿಲ್ಲ.

ಕಲ್ಲು ಸಿದ್ಧವಾಯಿತೆಂದು ಗದಿಗೆಪ್ಪ ಹೇಳಿ ಕಳುಹಿಸಿದಾಗ ಮೋನಪ್ಪ ಓಡಿದ. ಕಲ್ಲು ಬಹಳ ಚೆಂದವಿತ್ತು. ಕೈ ಆಡಿಸಿದರೆ ಗುಳಿಯ ಒಳಗಿನ ತರಿ ಒಂದೇ ಸಮ. ಆದರೆ ಅದು ಎತ್ತರದ ಕಲ್ಲು.

"ಇದು ಹಳೇ ಅಳತೆ ಗದಿಗೆಪ್ಪ."

"ಮೊಳಿಗೆ ಎರಡ ಹುರಿ ತೂಗ್ಯಾಡತಿದ್ವು. ಮುದುಕಿ ನೋಡಿದ್ರ 'ಯಾರೋ ಬಂದಿದ್ರು' ಅಂದ್ಲು. ಯಾವ ಹುರಿ ಮ್ಯಾಲ ನೀ ಹೆಸರ ಬರದಿದ್ದಿ? ನಿನ್ನ ಕೈಯಾರ ನನ್ನ ಕೈಯಾಗ ಕೊಟ್ಟದ್ದು ಒಂದ. ಅದನ್ನ ಹಿಡದ ಹೊಡದೆ."

"ಬುಡ ಕೆತ್ತಿ ಗಿಡ್ಡ ಮಾಡ್ಲಿಕ್ಕೆ ಆಗ್ತದಾ?"

"ಬುಡ ತೆಳ್ಳಗಾದ್ರ ತಿರುಗೂ ಮುಂದ ಹೋಳಾಕ್ಕೈತಿ. ಕಬ್ಬಿಣಾ ಆದ್ರ ನೀ ಮತ್ತ ಕಾಸಿ ಬಡಿತಿ. ಕಲ್ಲ ಹಂಗಲ್ಲೋ ತಮ್ಮ. ಹೊಡದದ್ದು ಹೊಡದಂಗ." ಗದಿಗೆಪ್ಪ ಉಳಿಯನ್ನು ಚೀಲಕ್ಕೆ ಹಾಕಿದ. ಅವನ ಬೆರಳುಗಳ ತುದಿ ಕಲ್ಲಿನ ಧೂಳಿನಿಂದ ಬಿಳಿಚಿಕೊಂಡಿತ್ತು. "ನಿಮ್ಮ ಧಣ್ಯಾರ ಮನಸ್ಸ ತಿರುಗಿದಂಗ ನನ್ನ ಕಲ್ಲ ತಿರುಗೂದಿಲ್ಲ, ಹೇಳಿಬಿಡ ಅವ್ರಿಗೆ."

ಮೋನಪ್ಪ ಕಲ್ಲಿನ ಅಂಚಿನ ಮೇಲೆ ಕುಳಿತುಬಿಟ್ಟ. ಮಳೆಯ ನೀರು ಗುಳಿಯಲ್ಲಿ ತುಂಬುತ್ತಿತ್ತು. ಗದಿಗೆಪ್ಪ ಬೈಯುತ್ತಲೇ ಇನ್ನೊಂದು ಬಂಡೆ ಆರಿಸಲು ಎದ್ದ.

ಎರಡನೆಯ ಕಲ್ಲಾಗುವಾಗ ಮಳೆಯ ಜೋರು ಇಳಿದಿತ್ತು. ಹಡಗು ಬಿಡುವ ದಿನ ದೂರವಿರಲಿಲ್ಲ. ಕಬ್ಬಿಣ ಉಜ್ಜಿ ಉಜ್ಜಿ ಮೋನಪ್ಪನ ಬಲ ಭುಜ ಆ ಹೊತ್ತಿಗೆ ಮೇಲೇಳುವುದನ್ನೇ ಬಿಟ್ಟಿತ್ತು. ಅಂಗಿ ತೊಡುವಾಗ ಮೊದಲು ಆ ಕೈಯನ್ನು ತೂರಿಸಿ ಆಮೇಲೆ ಇನ್ನೊಂದು ಕೈ ಹಾಕುತ್ತಿದ್ದ. ಸೇವಂತಿ ಎಣ್ಣೆ ಕಾಸಿ ಹಚ್ಚುತ್ತಿದ್ದಳು. ಅವಳೂ ಈಗ ತಮಾಷೆ ಮಾಡುವುದನ್ನು ನಿಲ್ಲಿಸಿದ್ದಳು.

ಪರೀಕ್ಷೆಯ ದಿನ ಬಂತು. ಮೋನಪ್ಪ ಎಂದಿನಂತೆ ಹೋಟೆಲಿನ ಹಿಂಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟ. ಕಾಲು ತೊಳೆದ. ಪಟ್ಟಾದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಹೊಸಿಲು ದಾಟಿದ. ಆ ಅಡುಗೆಮನೆಯ ಯಜಮಾನಿಕೆ ಭಟ್ಟರದು. ಶೆಟ್ಟರ ಹೋಟೆಲಿನಲ್ಲಿ ಭಟ್ಟರ ಕೈಯ ಮಡಿಯ ಅಡುಗೆ ಸಿಗುತ್ತದೆಂದೇ ಎಷ್ಟೋ ಜನ ದೂರದಿಂದ ಬರುತ್ತಿದ್ದರು. ಯಂತ್ರದ ಮಾತೆಲ್ಲ ಗಲ್ಲೆಯ ಬಳಿಯೇ ನಡೆದಿತ್ತು. ಭಟ್ಟರ ಕಿವಿಗೆ ಅದು ಅರ್ಧಂಬರ್ಧ ಬಿದ್ದಿತ್ತು ಅಷ್ಟೇ.

ಪಟ್ಟಾ ಏರಿಸಿ, ಸ್ವಿಚ್ಚು ಒತ್ತಿದಾಗ ಕಲ್ಲು ಒಮ್ಮೆ ನಡುಗಿತು, ಆಮೇಲೆ ತಿರುಗಿತು. ಮೆಟ್ಟಿಲಿನ ಅಡಿಗೆ ನುಸುಳಿ, ಕುಕ್ಕರುಗಾಲಲ್ಲಿ ಕುಳಿತ ಪೂವಪ್ಪ ಉದ್ದು ಹಾಕಿದ, ನೀರು ಚಿಮುಕಿಸಿದ. ಹಿಟ್ಟು ಉಬ್ಬುತ್ತ ಬಂತು. ಭಟ್ಟರು ಬಗ್ಗಿ ಬೆರಳಲ್ಲಿ ತೆಗೆದು ಉಜ್ಜಿ ನೋಡಿದರು.

"ಬೆಣ್ಣೆ!" ಎಂದರು. "ಪೂವಪ್ಪ, ನೀನು ಪ್ರಾಯದಲ್ಲಿ ಹೀಗೆ ಕಡೀತಿದ್ದೆ ನೋಡು."

ಪೂವಪ್ಪ ನಕ್ಕ. ಶೆಟ್ಟರು ಗಲ್ಲೆ ಬಿಟ್ಟು ಎದ್ದು ಬಂದರು. ಭಟ್ಟರ ಕಣ್ಣು ಹಿಟ್ಟಿನಿಂದ ಮೇಲಕ್ಕೆ, ಗೋಡೆಯಿಂದ ಇಳಿಯುವ ಪಟ್ಟಾದ ಮೇಲೆ ಹೋಗಿ ನಿಂತಿತು. ಅದರ ಅಂಚಿನಿಂದ ಕಂದು ಪುಡಿ ಸಣ್ಣಗೆ ಉದುರುತ್ತಿತ್ತು.

"ಅದು ಎಂತದರದ್ದು?"

"ತೊಗಲಿನದ್ದು ಭಟ್ರೇ. ಒಳ್ಳೆ ಮಾಲು. ನೀರು ಬಿದ್ರೂ ಜಾರುದಿಲ್ಲ."

"ನಿನ್ನ ಚಪ್ಪಲಿ ಎಲ್ಲಿ ಮೋನಪ್ಪ?"

"ಹೊರಗೆ ಬಿಟ್ಟಿದ್ದೇನೆ."

"ಯಾಕೆ?"

ಮೋನಪ್ಪ ಹೊಸಿಲಾಚೆ ನೋಡಿದ, ಪಟ್ಟಾ ನೋಡಿದ. ಕಾರ್ಖಾನೆಗಳಲ್ಲಿ ಇಷ್ಟು ವರ್ಷ ತೊಗಲಿನ ಪಟ್ಟಾ ಏರಿಸಿ ಇಳಿಸಿ ಮಾಡಿದ ಕೈಗೆ ಅದು ಪಟ್ಟಾ ಮಾತ್ರವಾಗಿತ್ತು, ತೊಗಲು ಆಗಿರಲಿಲ್ಲ. ತೊಗಲಿನ ಚಪ್ಪಲಿಯನ್ನು ಹೊಸಿಲಾಚೆ ಬಿಟ್ಟು, ತೊಗಲಿನ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಅವನು ಒಳಗೆ ಬಂದಿದ್ದ.

"ಈ ಹಿಟ್ಟು ನನ್ನ ಒಲೆಗೆ ಏರುದಿಲ್ಲ," ಎಂದು ಭಟ್ಟರು ಕೈ ತೊಳೆಯಲು ನಡೆದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಮೋನಪ್ಪನಿಗೆ ಹಗುರವಾಗುತ್ತಿತ್ತೋ ಏನೋ.

ಹಿಟ್ಟೆಲ್ಲ ಹತ್ತಿರದ ತಬೇಲಾದ ಎಮ್ಮೆಗಳಿಗೆ ಹೋಯಿತು. "ಒಳ್ಳೆ ಗಿರಾಕಿ ಸಿಕ್ಕಿತು ನಿನ್ನ ಮಿಶೀನಿಗೆ," ಎಂದರು ಶೆಟ್ಟರು. "ಇಷ್ಟು ಗೊತ್ತಾಗುದಿಲ್ವಾ ನಿನಗೆ?"

"ನೀವು ಭಟ್ರಿಗೆ ಹೇಳಿರಬಹುದು ಅಂತ..."

"ನಿನಗೆ ಗೊತ್ತಿರಬಹುದು ಅಂತ ನಾನು!" ಶೆಟ್ಟರು ಗಲ್ಲೆಗೆ ಹಿಂತಿರುಗಿದರು. "ಊರಿಗೆ ಹೇಳಿ ಕಳಿಸಿ ಆಗಿದೆ. ಮೊದಲನೇ ಹಡಗಿಗೆ ಆಳು ಹೊರಡ್ತಾನೆ. ಅವನು ಬರುವುದರೊಳಗೆ ಸರಿಯಾದ್ರೆ ಆಯ್ತು, ಇಲ್ಲದಿದ್ರೆ ನಿನ್ನ ಅಣ್ಣನನ್ನು ನೀನು ಕರ್ಕೊಂಡು ಹೋಗು."

ಮೋನಪ್ಪ ಹಿಂಬಾಗಿಲಿನ ಮೆಟ್ಟಿಲ ಮೇಲೆ ಬಂದು ಕುಳಿತ. ಪೂವಪ್ಪ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತ.

"ಕ್ಯಾನ್ವಾಸಿನ ಪಟ್ಟಾ ಸಿಗ್ತದೆ ಅಣ್ಣ. ನಾಳೆಯೇ ಹುಡುಕ್ತೇನೆ. ಒದ್ದೆಯಾದ್ರೆ ಜಾರ್ತದೆ, ಅದಕ್ಕೊಂದು ತಗಡು ಮುಚ್ಚಿದ್ರೆ..."

"ತಮ್ಮಾ, ಒಂದು ಹೇಳ್ಲಾ? ಬೈಬಾರದು."

"ಹೇಳು."

"ಇವತ್ತು ಅಲ್ಲಿ ಒಳಗಿಂದ ಏಳ್ಲಿಕ್ಕೆ ನನಗೆ ಆಗ್ಲಿಲ್ಲ. ನೀನು ಶೆಟ್ರ ಹತ್ರ ಮಾತಾಡುವಾಗ ಭಟ್ರೇ ಕೈಕೊಟ್ಟು ಎಳೆದ್ರು. ಕಲ್ಲಿನ ಮುಂದೆ ಕಾಲು ಚಾಚಿ ಕೂರ್ತಿದ್ದೆ, ಹೇಗೋ ನಡೀತಿತ್ತು. ಅಲ್ಲಿ ಕಾಲು ಮಡಿಸ್ಬೇಕು. ಮೊಣಕಾಲು ಮಡಿಸಿದ್ರೆ ಬಿಡಿಸ್ಲಿಕ್ಕೆ ಬರುದಿಲ್ಲ. ಕೈ ಮಾತ್ರ ಅಲ್ಲ ಹೋದದ್ದು."

"ಮೊದಲೇ ಹೇಳ್ಬಾರದಿತ್ತಾ ಅಣ್ಣ?"

"ನೀನು ಕೇಳ್ಲಿಲ್ಲ. ನನಗೋಸ್ಕರ ಇಷ್ಟು ಜನ ಒದ್ದಾಡುವಾಗ ನಾನು ಬಾಯಿ ಹಾಕುದು ಹೇಗೆ?"

ಮೋನಪ್ಪ ಅಣ್ಣನ ಮುಖ ನೋಡಿದ. ತನ್ನದೇ ಮುಖವನ್ನು ಇನ್ನಷ್ಟು ಸುಕ್ಕುಗಳ ಜೊತೆ ನೋಡಿದಂತಿತ್ತು. ಇಬ್ಬರೂ ಒಂದೇ ಮನೆಯಲ್ಲಿ, ಹಿರಿಯರಿಗೆ ಎದುರಾಡಬಾರದೆಂದು ಒಬ್ಬಳೇ ತಾಯಿಯಿಂದ ಕಲಿತವರು.

ಮನೆಗೆ ಹೋಗುವ ಲೋಕಲಿನಲ್ಲಿ ಕೂರಲು ಜಾಗ ಸಿಕ್ಕಿದರೂ ಅವನು ಕೂರಲಿಲ್ಲ. ಮೇಜಿಗೆ ಸರಿಯಾಗಿ ಯಂತ್ರ ಗಿಡ್ಡವಾಯಿತು. ಚಟ್ನಿಗೆ ಸರಿಯಾಗಿ ತೋಳು ಮಡಚಿತು. ಯಾರಿಗಾಗಿ ಇದೆಲ್ಲ ಶುರುವಾಯಿತೋ ಅವನ ಮೊಣಕಾಲಿಗೆ ಮಾತ್ರ ಅದು ಸರಿಯಾಗಲಿಲ್ಲ. ಪಟ್ಟಾ ಬದಲಿಸಿದರೂ ಅಣ್ಣನಿಗೆ ಅಲ್ಲಿ ಜಾಗವಿಲ್ಲ; ಬರುವ ಗಟ್ಟಿ ಆಳೇ ಆ ಯಂತ್ರದ ಬುಡದಲ್ಲೂ ಕೂರುತ್ತಾನೆ.

ಮುಂದಿನ ಭಾನುವಾರ, ಊಟದ ಗಿರಾಕಿಗಳು ಹೋಗಿ ಚಹಾದವರು ಬರುವ ಮೊದಲಿನ ಹೊತ್ತಿನಲ್ಲಿ, ಮೋನಪ್ಪ ಎಲ್ಲರನ್ನೂ ಹೋಟೆಲಿಗೆ ಕರೆದ. ಗದಿಗೆಪ್ಪ ಅಡುಗೆಮನೆಯ ಹೊಸಿಲ ಬಳಿ ನಿಂತುಬಿಟ್ಟ. "ನಾ ಒಳಗ ಬರೂದಿಲ್ರಿ. ಬಂದ್ರ ಮತ್ತ ಕಲ್ಲ ತೊಳಿಬೇಕಂತೀರಿ." ಆಗ ಮೋನಪ್ಪ ಉಳಿದವರನ್ನೇ ಹಿತ್ತಲಿನ ನಲ್ಲಿಯ ಹತ್ತಿರ ಕರೆದುಕೊಂಡು ಬಂದ. ಶೆಟ್ಟರಿಗೆ ಒಂದು ಸ್ಟೂಲು ಹಾಕಿದರು.

"ಯಾರಿಗೆ ಎಂತ ಬೇಕು, ಎಂತ ಬೇಡ, ಒಬ್ಬರ ಎದುರು ಒಬ್ಬರು ಹೇಳ್ಬೇಕು," ಎಂದ ಮೋನಪ್ಪ. "ಇಷ್ಟು ದಿವಸ ನಾನು ಒಬ್ಬರದ್ದು ಕೇಳಿ ಇನ್ನೊಬ್ಬರಿಗೆ ಹೇಳಿದೆ. ಹೇಳುವಾಗ ಅರ್ಧ ಬಿಟ್ಟೆ."

"ತೊಗಲು ಬೇಡ," ಎಂದರು ಭಟ್ಟರು. "ನೀರುಳ್ಳಿಯ ಮಸಾಲೆ ಆ ಕಲ್ಲಿಗೆ ಬೇಡ. ಬೇರೆ ಎಂತದೂ ಇಲ್ಲ ನನ್ನದು."

"ನಾನು ಮಸಾಲೆಗೂ ಒಂದು ಕಲ್ಲು ಅದೇ ಮೋಟರಿಗೆ ಸೇರಿಸುವ ಅಂತ ಇದ್ದೆ," ಎಂದರು ಶೆಟ್ಟರು.

"ನಿಮ್ಮ ತಲಿಯಾಗ ಇನ್ನೆಷ್ಟ ಕಲ್ಲ ಅದಾವ್ರಿ ಧಣ್ಯಾರ?" ಎಂದ ಗದಿಗೆಪ್ಪ. ಸತ್ಯಮೂರ್ತಿ ಕೆಮ್ಮಿ ನಗು ನುಂಗಿದರು.

"ಅಣ್ಣ, ನೀನು ಹೇಳು."

ಪೂವಪ್ಪ ಶೆಟ್ಟರ ಕಡೆ ನೋಡಲಿಲ್ಲ. ನಲ್ಲಿಯ ಕಡೆ ನೋಡಿ ಹೇಳಿದ. "ನಿಂತುಕೊಂಡು ಕಡೀಲಿಕ್ಕೆ ಆದ್ರೆ ನಾನು ಮಾಡ್ತೇನೆ. ಕೂತು ಆಗುದಿಲ್ಲ."

"ಮೆಟ್ಟಿಲಿನ ಅಡಿಯಲ್ಲಿ ನಿಂತ್ರೆ ತಲೆಗೆ ಬಡೀತದೆ ಮಾರಾಯ," ಎಂದರು ಶೆಟ್ಟರು.

"ಹೌದು ಧನಿ," ಎಂದ ಮೋನಪ್ಪ. "ಅದಕ್ಕೆ ಮೆಟ್ಟಿಲಿನ ಅಡಿ ಆಗುದಿಲ್ಲ."

"ಎಂತ?"

"ಆಗುದಿಲ್ಲ ಧನಿ. ಮೇಜು ತೆಗೀಬೇಕು. ಅಲ್ಲಿ ಎತ್ತರದ ಕಬ್ಬಿಣದ ಸ್ಟ್ಯಾಂಡು ಮಾಡಿ ಮೋಟರು ಕೆಳಗೇ ಇಟ್ರೆ ಪಟ್ಟಾವೇ ಬೇಡ. ಅಣ್ಣನೂ ನಿಲ್ಲಬಹುದು."

ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೋನಪ್ಪನ ಅಂಗಿಯ ಬೆನ್ನು ಒದ್ದೆಯಾಗಿತ್ತು, ಮಳೆಯಿಂದಲ್ಲ.

"ಆ ಮೇಜಿನ ಗಿರಾಕಿಗಳನ್ನು ನಿನ್ನ ಚಾಳಿನಲ್ಲಿ ಕೂರಿಸ್ತೀಯಾ?"

"ಹಿಟ್ಟು ಸರಿ ಇಲ್ಲದಿದ್ರೆ ಅವರು ಕೂತು ಎಂತ ತಿನ್ನುದು ಶೆಟ್ರೇ, ಮೇಜಾ?" ಎಂದರು ಭಟ್ಟರು.

ಶೆಟ್ಟರು ಬಹಳ ಹೊತ್ತು ಮೂಗು ತಿಕ್ಕಿಕೊಂಡರು. "ಒಂದು ಮೇಜು ತೆಗೀತೇನೆ. ಎರಡನೇದು ಮುಟ್ಟಬೇಡ."

ಮೋನಪ್ಪ ಒಳಗೆ ಹೋಗಿ ಗೇಣು ಹಾಕಿ ನೋಡಿ ಬಂದ. "ಒಂದು ಮೇಜಿನ ಜಾಗ ಸಾಕು. ಆದ್ರೆ ತೋಳು ಮಡಚಿ ಹೊರಗೆ ತೆಗೀಲಿಕ್ಕೆ ಬರುದಿಲ್ಲ. ಚಟ್ನಿ ಆಗುದಿಲ್ಲ. ಹಿಟ್ಟು ಮಾತ್ರ."

"ಹಿಟ್ಟು ಮಾತ್ರ ಸಾಕು ಅಂತ ನಾನು ಶುರುವಿನಲ್ಲೇ ಹೇಳಿದ್ದೆನಲ್ಲ!" ಎಂದರು ಶೆಟ್ಟರು. "ನೀವೆಲ್ಲ ಸೇರಿ ಇಷ್ಟು ದೊಡ್ಡದು ಮಾಡಿದ್ದು."

ಸತ್ಯಮೂರ್ತಿ ತಲೆ ಎತ್ತಿ ಆಕಾಶ ನೋಡಿದರು. ಮೋನಪ್ಪ ವಾದ ಮಾಡಲಿಲ್ಲ. ಅಣ್ಣನ ಜಾಗ ಉಳಿದಿತ್ತು. ಉಳಿದದ್ದು ಯಾರ ತಪ್ಪಾದರೂ ಆಗಲಿ.

ಮೊದಲನೆಯ ಹಡಗಿನಲ್ಲಿ ಆಳು ಬಂದೇ ಬಂದ. ತಲೆಯ ಮೇಲೆ ಟ್ರಂಕು ಹೊತ್ತು ಅವನು ಹೋಟೆಲಿನ ಬಾಗಿಲಲ್ಲಿ ನಿಂತಾಗ ಪೂವಪ್ಪ ಎತ್ತರದ ಸ್ಟ್ಯಾಂಡಿನ ಪಕ್ಕ ನಿಂತು ಅಂಗೈಯಿಂದ ಹಿಟ್ಟು ಒಳಗೆ ನೂಕುತ್ತಿದ್ದ. ಶೆಟ್ಟರು ಆಳನ್ನು ವಾಪಸು ಕಳುಹಿಸಲಿಲ್ಲ. ಯಂತ್ರದಿಂದ ಚಟ್ನಿಯಾಗುವುದಿಲ್ಲವಲ್ಲ, ಹಳೆಯ ಕಲ್ಲಿನ ಮುಂದೆ ಅವನನ್ನು ಕೂರಿಸಿದರು. ಒಳಗಿನ ಬೆಂಚು ಅವನ ಪಾಲಾಯಿತು. ಪೂವಪ್ಪ ಈಗ ಯಂತ್ರದ ಬುಡದಲ್ಲಿ ಗೋಣಿ ಹಾಸಿ ಮಲಗುತ್ತಾನೆ. ಕೇಳಿದರೆ, "ಮೋಟರಿನ ಬಿಸಿಗೆ ಮೊಣಕಾಲಿಗೆ ಒಳ್ಳೇದು," ಎನ್ನುತ್ತಾನೆ. ನಿಜವೋ, ತಮ್ಮನ ಸಮಾಧಾನಕ್ಕೋ ಗೊತ್ತಿಲ್ಲ.

ಯಂತ್ರ ಪೂರ್ತಿ ಸರಿಯಿದೆ ಎಂದೂ ಹೇಳಲಾಗದು. ಎತ್ತರದ ಕಲ್ಲನ್ನು ಸ್ಟ್ಯಾಂಡಿನ ಮೇಲಿಟ್ಟರೆ ಪೂವಪ್ಪನ ಕೈ ಒಳಗೆ ಎಟುಕದೆಂದು ಗಿಡ್ಡದನ್ನೇ ಇಟ್ಟದ್ದು. ಗಿಡ್ಡ ಕಲ್ಲಾದ್ದರಿಂದ ಹಿಟ್ಟು ಅಂಚಿನಾಚೆ ಚೆಲ್ಲುತ್ತದೆ. ಅದಕ್ಕೆ ತಗಡಿನ ಬಳೆ ಹಾಕಬೇಕಾಯಿತು. ನೀರು ಇಳಿದು ಒಮ್ಮೆ ಫ್ಯೂಸು ಹಾರಿ, ಇಡ್ಲಿ ಇಲ್ಲದೆ ಬೆಳಗಿನ ಗಿರಾಕಿಗಳು ಎದ್ದು ಹೋದರು. ಮೋನಪ್ಪ ಕೆಲಸ ಬಿಟ್ಟು ದಾದರಿಗೆ ಓಡುತ್ತಾನೆ, ಬೈಸಿಕೊಳ್ಳುತ್ತಾನೆ, ಸರಿ ಮಾಡುತ್ತಾನೆ, ಬರುತ್ತಾನೆ. ಭುಜ ಹಾಗೆಯೇ ಇದೆ.

ಕಲ್ಲು ತಿರುಗುವುದನ್ನು ನೋಡಿ ಬೇರೆ ಹೋಟೆಲಿನವರೂ ಬರಲು ಶುರು ಮಾಡಿದರು. "ಇದೇ ನಮೂನೆದು ಬೇಕು, ಆದ್ರೆ ಸ್ವಲ್ಪ ಬೇರೆ," ಎಂದೇ ಎಲ್ಲರ ಮಾತು ಶುರುವಾಗುತ್ತದೆ. ಆ ಸ್ವಲ್ಪ ಎಂಬ ಮಾತು ಕೇಳಿದರೆ ಮೋನಪ್ಪನಿಗೆ ಕುಳಿತಲ್ಲೇ ದಣಿವಾಗುತ್ತದೆ. ಅವನು ಈಗ ಗಲ್ಲೆಯ ಬಳಿ ನಿಲ್ಲುವುದಿಲ್ಲ. ಕಾಲು ತೊಳೆದು ಅಡುಗೆಯವರ ಹತ್ತಿರ ಹೋಗುತ್ತಾನೆ. ಕಲ್ಲಿನ ಪಕ್ಕ ಇರುವವನನ್ನು ಬಗ್ಗಿಸಿ, ನಿಲ್ಲಿಸಿ ನೋಡುತ್ತಾನೆ. ಎಲ್ಲರೂ ಒಂದೇ ಕಡೆ ಕೂತು ಮಾತು ಮುಗಿಸುವವರೆಗೆ ಗದಿಗೆಪ್ಪನಿಗೆ ಉಳಿ ಎತ್ತಲು ಬಿಡುವುದಿಲ್ಲ. ಹೊಸ ಹುರಿ ಕೊಡುವ ದಿನ ಹಳೆಯದನ್ನು ಕೈಯಾರೆ ಇಸಿದುಕೊಂಡು ಒಲೆಗೆ ಹಾಕುತ್ತಾನೆ. ಇಷ್ಟಾದರೂ ಅವನ ಬಾಯಿಂದ ಒಂದೊಂದು "ಆಯ್ತು" ಜಾರಿಬಿಡುತ್ತದೆ. ಆಮೇಲೆ ಮನೆಗೆ ಬಂದು, ಯಾರು ಏನು ಹೇಳಿದ್ದೆಂದು ನೆನಪಾಗದೆ ಹಣೆ ಹಿಡಿದುಕೊಂಡು ಕೂರುತ್ತಾನೆ. ಓದುವುದು ಅವನಿಗೆ ಬರುತ್ತದೆ. ಬರೆಯಲು ಕೈ ಏಳುವುದಿಲ್ಲ.

ಬರುವ ಭಾನುವಾರ ಅಪ್ಪ ಚೆಂಬೂರಿನ ಒಂದು ಹೋಟೆಲಿಗೆ ಹೋಗುತ್ತಾನೆ. ನಾನೂ ಜೊತೆಗೆ ಹೋಗುತ್ತೇನೆ. ಹಿಂಬಾಗಿಲಲ್ಲಿ ನಿಂತುಕೊಂಡು, ಅವರಿಗೆ ಏನು ಬೇಕು ಏನು ಬೇಡ ಎಂಬುದನ್ನು ನಿಧಾನವಾಗಿ ಬರೆದುಕೊಂಡು ಬರುತ್ತೇನೆ.